ಕರೆಂಟು ಬಂದಿದೆ, ಪ್ರಿಂಟರ್ ಏಕೆ ಏಳದು?

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಈ ನಾಲ್ಕರಲ್ಲಿ ನೀವು ಯಾವ ಊರಿನವರಾದರೂ ಸರಿ, ಪಹಣಿಗೋ ಆದಾಯ ಪ್ರಮಾಣಪತ್ರಕ್ಕೋ ಕಿಟಕಿಯ ಮುಂದೆ ಸರದಿಯಲ್ಲಿ ನಿಂತ ಅನುಭವ ನಿಮಗೆ ಇದ್ದೇ ಇರುತ್ತದೆ. 2000ನೆಯ ಇಸವಿಯ ಹೊತ್ತಿಗೆ ‘ಭೂಮಿ’ ಯೋಜನೆ ಬಂದು ಹೊಲದ ಲೆಕ್ಕವೆಲ್ಲ ಕಂಪ್ಯೂಟರಿಗೆ ಏರಿದ ಮೇಲೆ ಕೈಬರಹದ ಪಹಣಿಯ ಕಾಲ ಮುಗಿಯಿತು. ಈಗ ಕಾಗದಪತ್ರ ಯಾವುದೇ ಆಗಲಿ, ಅದು ಜನರ ಕೈಗೆ ಬರಬೇಕಾದರೆ ಮೇಜಿನ ಮೂಲೆಯಲ್ಲಿ ಕುಳಿತ ಒಂದು ಪೆಟ್ಟಿಗೆಯ ಬಾಯಿಂದ ಹೊರಬೀಳಬೇಕು. ಆ ಪೆಟ್ಟಿಗೆ ಮುನಿದ ದಿನ ಸರದಿಯಲ್ಲಿ ನಿಂತವರಿಗೆ ಸಿಗುವ ಉತ್ತರ ಒಂದೇ: “ಕರೆಂಟ್ ಬಂದೈತ್ರಿ, ಪ್ರಿಂಟರ್ ಏಳವಲ್ದು. ನಾಳಿ ಬರ್ರಿ.” ಬೆಳೆಸಾಲದ ಕಾಗದಕ್ಕೆಂದು ಹಳ್ಳಿಯಿಂದ ಬಸ್ಸು ಹಿಡಿದು ಬಂದವನಿಗೆ ಅದು ಒಂದು ದಿನದ ಕೂಲಿಯ ಮಾತು. ವಿದ್ಯಾರ್ಥಿವೇತನದ ಅರ್ಜಿಗೆ ಅದೇ ಕಡೆಯ ದಿನವಾಗಿದ್ದರೆ ವಿದ್ಯಾರ್ಥಿಗೆ ಅದು ಒಂದು ವರ್ಷದ ಮಾತು.

ಇಂಥ ಯಂತ್ರ ಈಗ ಕಛೇರಿಗಳಲ್ಲಿ ಮಾತ್ರ ಇರುವುದೆಂದಲ್ಲ. ಬಸ್ಸುನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ, ವಕೀಲರ ಕೊಠಡಿಯಲ್ಲಿ, ಓದುವ ಮಕ್ಕಳಿರುವ ಎಷ್ಟೋ ಮನೆಗಳಲ್ಲಿ ರೇಡಿಯೋದ ಪಕ್ಕದಲ್ಲೇ ಅದು ಕುಳಿತಿದೆ. ಅದು ಏಳದಿದ್ದಾಗ ಒಳಗಿನ ಫಲಕವೇ ಸುಟ್ಟಿತೆಂದು ಭಾವಿಸಿ, ಹುಬ್ಬಳ್ಳಿಗೋ ಹೊಸಪೇಟೆಗೋ ಹೊತ್ತುಕೊಂಡು ಹೋಗುವವರುಂಟು. ಅಲ್ಲಿ ಮೇಜಿನ ಮೇಲಿಟ್ಟು ಪ್ಲಗ್ಗು ಚುಚ್ಚಿದೊಡನೆ ಅದು ಸೊಗಸಾಗಿ ಅಚ್ಚುಹಾಕಿ ತೋರಿಸುತ್ತದೆ! ದೋಷ ಪೆಟ್ಟಿಗೆಯಲ್ಲಿರದೆ ಅದಕ್ಕೆ ಉಣಿಸಿದ ವಿದ್ಯುತ್ತಿನಲ್ಲಿತ್ತು ಎಂಬುದು ಆಗ ತಿಳಿಯುತ್ತದೆ. ಆದ್ದರಿಂದ ಕಂಬದಿಂದ ಗೋಡೆಗೆ, ಗೋಡೆಯಿಂದ ಪ್ಲಗ್ಗಿಗೆ, ಪ್ಲಗ್ಗಿನಿಂದ ಯಂತ್ರಕ್ಕೆ, ಈ ಕ್ರಮದಲ್ಲಿ ದೋಷವನ್ನು ಹುಡುಕುವುದು ಹೇಗೆಂದು ನಿಮಗೆ ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಯಂತ್ರದ ಗುಣವನ್ನು ಸ್ವಲ್ಪ ಅರಿತುಕೊಳ್ಳಬೇಕು. ಬೆಳಕಿನ ಕಿರಣದಿಂದ ಅಚ್ಚುಹಾಕುವ ಈ ಯುಕ್ತಿಯನ್ನು ಕಂಡುಹಿಡಿದವನು ಅಮೆರಿಕದ ಜೆರಾಕ್ಸ್ ಸಂಸ್ಥೆಯಲ್ಲಿದ್ದ ಗ್ಯಾರಿ ಸ್ಟಾರ್ಕ್‌ವೆದರ್. 1969ರ ಸುಮಾರಿಗೆ ಹೊಳೆದ ವಿಚಾರ 1971ರಲ್ಲಿ ಯಂತ್ರವಾಗಿ ನಿಂತಿತು. ಆಗ ಅದು ದೊಡ್ಡ ಗಾತ್ರದ್ದು. 1984ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆ ಕ್ಯಾನನ್ನಿನವರ ಯಂತ್ರಭಾಗವನ್ನು ಬಳಸಿ ಮೇಜಿನ ಮೇಲೆ ಇಡಬಹುದಾದ ಲೇಸರ್ ಪ್ರಿಂಟರನ್ನು ಮಾರುಕಟ್ಟೆಗೆ ತಂದಿತು. ಇಂದು ನಾವು ನೋಡುವುದೆಲ್ಲ ಆ ಕುಲದ ಸಂತಾನ.

ಇದರೊಳಗೆ ಒಂದು ಉರುಳೆ ಇದೆ. ಅದರ ಮೈಗೆ ಸ್ಥಿರವಿದ್ಯುತ್ತನ್ನು ಹೂಡಿ, ಲೇಸರ್ ಕಿರಣದಿಂದ ಅಕ್ಷರಗಳ ಆಕಾರದಲ್ಲಿ ಆ ವಿದ್ಯುತ್ತನ್ನು ಅಳಿಸಿದರೆ, ಅಳಿಸಿದ ಕಡೆಗಳಲ್ಲಿ ಮಾತ್ರ ಕಪ್ಪು ಪುಡಿ ಅಂಟುತ್ತದೆ. ಆ ಪುಡಿ ಕಾಗದಕ್ಕೆ ವರ್ಗವಾಗುತ್ತದೆ. ಇಷ್ಟಾದರೂ ಅದಿನ್ನೂ ರಂಗೋಲಿಯ ಹಾಗೆ, ಊದಿದರೆ ಹಾರಿಹೋಗುತ್ತದೆ. ಪುಡಿಯಲ್ಲಿ ಪ್ಲಾಸ್ಟಿಕ್ಕಿನ ಅಂಶವಿರುವುದರಿಂದ ಅದನ್ನು ಕರಗಿಸಿ ಕಾಗದಕ್ಕೆ ಹಚ್ಚಬೇಕು. ಅದಕ್ಕಾಗಿ ಹಿಂಬದಿಯಲ್ಲಿ ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್‌ಗೆ ಕಾಯುವ ಇನ್ನೊಂದು ಜೋಡಿ ಉರುಳೆ ಇದೆ. ಇದಕ್ಕೆ ಫ್ಯೂಸರ್ ಎಂದು ಹೆಸರು. ಎಂದರೆ ಲೇಸರ್ ಪ್ರಿಂಟರ್ ಅರ್ಧ ಅಚ್ಚುಯಂತ್ರವಾದರೆ ಇನ್ನರ್ಧ ಒಲೆ. ಈ ಮಾತೊಂದನ್ನು ನೆನಪಿನಲ್ಲಿಟ್ಟರೆ ಮುಂದಿನದೆಲ್ಲ ಸುಲಭ.

ನಿಮ್ಮಲ್ಲಿ ಹಿರಿಯರಾದವರು ಕವಾಟದ ರೇಡಿಯೋಗಳನ್ನು ಬಲ್ಲಿರಿ. ಅದರೊಳಗೆ ಒಂದು ಭಾರವಾದ ಟ್ರಾನ್ಸ್‌ಫಾರ್ಮರ್ ಇರುತ್ತಿತ್ತು. ಕರೆಂಟು ಕುಗ್ಗಿದಾಗ ದನಿಯೂ ಕುಗ್ಗುತ್ತಿತ್ತು, ಏರಿದಾಗ ಏರುತ್ತಿತ್ತು. ರೇಡಿಯೋ ತನ್ನ ಕಷ್ಟವನ್ನು ಬಾಯಿಬಿಟ್ಟು ಹೇಳಿಕೊಳ್ಳುತ್ತಿತ್ತು. ಇಂದಿನ ಯಂತ್ರಗಳ ರೀತಿ ಬೇರೆ. ಗೋಡೆಯ 230 ವೋಲ್ಟಿನ ಪರ್ಯಾಯ ಪ್ರವಾಹವನ್ನು ಮೊದಲೇ ಸುಮಾರು 325 ವೋಲ್ಟಿನ ನೇರ ಪ್ರವಾಹವಾಗಿ ಮಾಡಿ ಒಂದು ದಪ್ಪ ಕಂಡೆನ್ಸರಿನಲ್ಲಿ ತುಂಬಿಟ್ಟುಕೊಂಡು, ಅದನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ, 24 ವೋಲ್ಟು, 5 ವೋಲ್ಟು, 3.3 ವೋಲ್ಟು ಎಂದು ಇಳಿಸಿಕೊಳ್ಳುತ್ತವೆ. 24 ವೋಲ್ಟು ಮೋಟಾರಿಗೆ, ಉಳಿದದ್ದು ಬುದ್ಧಿಯ ಭಾಗಕ್ಕೆ. ಉರುಳೆಗೆ ಬೇಕಾದ ನೂರಾರು ವೋಲ್ಟನ್ನು ಆ 24 ವೋಲ್ಟಿನಿಂದಲೇ ಮತ್ತೊಂದು ಫಲಕ ಎತ್ತರಿಸಿಕೊಡುತ್ತದೆ. ಲೈನು ಸ್ವಲ್ಪ ಕುಗ್ಗಿದರೆ ಈ ಭಾಗಗಳಿಗೆ ಅದು ತಿಳಿಯುವುದೇ ಇಲ್ಲ. ಆದರೆ ಒಲೆಯ ಭಾಗಕ್ಕೆ ಈ ಉಪಾಯವಿಲ್ಲ. ಅದು ಗೋಡೆಯಿಂದ ನೇರವಾಗಿ ಉಣ್ಣುತ್ತದೆ.

ಇಲ್ಲಿ ಒಂದು ಚಿಕ್ಕ ಲೆಕ್ಕ ನೋಡೋಣ. ಒಲೆಯ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ವೋಲ್ಟಿನಲ್ಲಿ 800 ವ್ಯಾಟು ಕೊಡುವ ಹೀಟರು 180 ವೋಲ್ಟಿನಲ್ಲಿ ಸುಮಾರು 490 ವ್ಯಾಟು ಮಾತ್ರ ಕೊಟ್ಟೀತು. ಉರುಳೆ ಇಷ್ಟು ಸೆಕೆಂಡಿನೊಳಗೆ ಇಷ್ಟು ಕಾಯಬೇಕೆಂದು ಯಂತ್ರಕ್ಕೆ ಒಳಗೇ ನಿಯಮ ಹಾಕಿದೆ. ಕಾಯದಿದ್ದರೆ ಅದು ಬೆಂಕಿಯ ಭಯದಿಂದ ತನ್ನನ್ನು ತಾನೇ ನಿಲ್ಲಿಸಿ, ಕೆಂಪು ಅಥವಾ ಕಿತ್ತಳೆ ದೀಪವನ್ನು ಮಿಟುಕಿಸುತ್ತ ಕೂರುತ್ತದೆ. ನೋಡಿದವರು ಫ್ಯೂಸರ್ ಹೋಯಿತೆನ್ನುತ್ತಾರೆ. ಹೋಗಿರುವುದು ಫ್ಯೂಸರ್ ಅಲ್ಲ, ಲೈನಿನ 50 ವೋಲ್ಟು!

ಲೈನು ಕುಗ್ಗುವುದಕ್ಕೆ ನಮ್ಮ ಜಿಲ್ಲೆಯಲ್ಲಿ ಕಾರಣಗಳಿಗೆ ಬರವೆ? ಮುನಿರಾಬಾದಿನ ಜಲವಿದ್ಯುದಾಗಾರ ಕೊಪ್ಪಳದ ಮಗ್ಗುಲಲ್ಲೇ ಇದೆ, ಕುಷ್ಟಗಿ ಯಲಬುರ್ಗಾಗಳ ಬಯಲಿನಲ್ಲಿ ಗಾಳಿಯಂತ್ರಗಳು ಸಾಲುಸಾಲಾಗಿ ತಿರುಗುತ್ತವೆ. ಆದರೆ ವಿದ್ಯುತ್ತು ಹುಟ್ಟುವ ಸ್ಥಳ ಹತ್ತಿರವಿದ್ದ ಮಾತ್ರಕ್ಕೆ ನಿಮ್ಮ ಗೋಡೆಯಲ್ಲಿ ವೋಲ್ಟೇಜು ಸರಿಯಿರುತ್ತದೆಂದು ಹೇಳಲಾಗದು. ಅದನ್ನು ನಿರ್ಧರಿಸುವುದು ನಿಮ್ಮ ಓಣಿಯ ಟ್ರಾನ್ಸ್‌ಫಾರ್ಮರು ಮತ್ತು ಅದರ ಮೇಲಿನ ಹೊರೆ. ಗಂಗಾವತಿಯ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುತ್ತದೆ, ಅಕ್ಕಿ ಗಿರಣಿಗಳು ದುಡಿಯುತ್ತವೆ. ದೊಡ್ಡ ಮೋಟಾರು ನೇರವಾಗಿ ಚಾಲೂ ಆಗುವ ಕ್ಷಣದಲ್ಲಿ ತನ್ನ ಸಾಮಾನ್ಯ ಪ್ರವಾಹದ ಐದಾರು ಪಟ್ಟು ಎಳೆದುಕೊಳ್ಳುತ್ತದೆ. ಕುಷ್ಟಗಿ, ಯಲಬುರ್ಗಾಗಳ ಕಡೆ ಕೊಳವೆಬಾವಿಯೇ ಬೇಸಾಯದ ಜೀವ. ತ್ರೀಫೇಸ್ ಬಂತೆಂದರೆ ಆಟೋ ಸ್ಟಾರ್ಟರ್ ಹಾಕಿದ ಪಂಪುಗಳೆಲ್ಲ ಒಟ್ಟಿಗೆ ಎದ್ದು ನಿಲ್ಲುತ್ತವೆ. ಅದೇ ಮಾರ್ಗದ ತುದಿಯಲ್ಲಿರುವ ಹಳ್ಳಿಯ ಪಂಚಾಯತಿ ಕಛೇರಿಯಲ್ಲಿ ಪ್ರಿಂಟರು ಆ ಹೊತ್ತಿಗೆ ಸರಿಯಾಗಿ ಒಲೆ ಹೊತ್ತಿಸಿತೋ, ಕೆಟ್ಟಿತು. ನಿಮ್ಮ ಯಂತ್ರ ದಿನದಲ್ಲಿ ಯಾವ ಹೊತ್ತಿಗೆ ಮುನಿಯುತ್ತದೆ ಎಂದು ಒಂದು ವಾರ ಬರೆದಿಟ್ಟು ನೋಡಿರಿ. ಹೊತ್ತಿಗೆ ಕಟ್ಟುಬಿದ್ದ ರೋಗವಾದರೆ ಅದು ಲೈನಿನದು.

ವೋಲ್ಟೇಜು ಕುಗ್ಗಿದೆಯೆಂದು ತಿಳಿಯುವುದು ಹೇಗೆ? ಹಿಂದೆ ತಂತಿಯ ಬಲ್ಬು ಮಂಕಾಗಿ ತಾನೇ ಹೇಳುತ್ತಿತ್ತು. ಇಂದಿನ ಎಲ್‌ಇಡಿ ದೀಪ ಬಹಳ ಮಟ್ಟಿಗೆ ಒಂದೇ ಸಮನೆ ಬೆಳಗುತ್ತದೆ. ಮೊಬೈಲ್ ಚಾರ್ಜರ್ ಅಂತೂ 100 ವೋಲ್ಟಿನಲ್ಲೂ ಕೆಲಸ ಮಾಡುತ್ತದೆ. “ದೀಪ ಹತ್ತೈತಿ, ಮೊಬೈಲ್ ಚಾರ್ಜ್ ಆಗತೈತಿ, ಕರೆಂಟ್ ಸರಿ ಐತಿ” ಎನ್ನುವ ಸಾಕ್ಷಿ ಕಳ್ಳಸಾಕ್ಷಿ. ಫ್ಯಾನಿನ ವೇಗ ತಗ್ಗಿದೆಯೇ ನೋಡಿ. ಇನ್ನೂ ಒಳ್ಳೆಯ ಪರೀಕ್ಷೆಯೊಂದು ಪ್ರತಿ ಮನೆಯಲ್ಲೂ ಇದೆ, ಇಸ್ತ್ರಿಪೆಟ್ಟಿಗೆ. ಅದೂ 750ರಿಂದ 1000 ವ್ಯಾಟಿನದು, ಹೆಚ್ಚುಕಡಿಮೆ ಪ್ರಿಂಟರಿನ ಒಲೆಯಷ್ಟೇ ಎಳೆಯತಕ್ಕದ್ದು. ಪ್ರಿಂಟರಿನ ಪ್ಲಗ್ಗನ್ನು ತೆಗೆದು ಅದೇ ಸಾಕೆಟ್ಟಿಗೆ ಇಸ್ತ್ರಿಯನ್ನು ಹಾಕಿ ಐದು ನಿಮಿಷ ಕಾಯಿಸಿರಿ. ಫ್ಯಾನು ತೀರ ನಿಧಾನವಾದರೆ, ಸಾಕೆಟ್ಟು ಚಟಪಟ ಎಂದರೆ, ಸ್ವಿಚ್ಚು ಆರಿಸಿ ಪ್ಲಗ್ಗು ತೆಗೆದ ಮೇಲೆ ಅದರ ಮೈ ಬಿಸಿಯಾಗಿ ತೋರಿದರೆ, ದೋಷ ಗೋಡೆಯಲ್ಲೇ ಇದೆ. ಸಾಕೆಟ್ಟಿನ ಹಿತ್ತಾಳೆಯ ಹಿಡಿತ ಸಡಿಲವಾಗಿರಬಹುದು, ಒಳಗಿನ ತಿರುಪು ಬಿಗಿಯಿಲ್ಲದಿರಬಹುದು. ಇಲೆಕ್ಟ್ರಿಷಿಯನ್ ಬಂದು ಅರ್ಧ ಗಂಟೆಯಲ್ಲಿ ಸರಿಮಾಡಬಹುದಾದ ಕೆಲಸ ಅದು.

ರೇಡಿಯೋ ಉಳ್ಳವರಾದ ನಿಮಗೆ ಇನ್ನೊಂದು ಉಪಾಯವೂ ಉಂಟು. ಮಧ್ಯಮ ತರಂಗ ಹಿಡಿಯುವ ಬ್ಯಾಟರಿ ರೇಡಿಯೋ ಇದ್ದರೆ, ಯಾವ ನಿಲಯವೂ ಇಲ್ಲದ ಜಾಗಕ್ಕೆ ಮುಳ್ಳನ್ನು ತಿರುಗಿಸಿ, ಸಾಕೆಟ್ಟಿನಿಂದ ಒಂದೆರಡು ಅಡಿ ದೂರದಲ್ಲಿಡಿ. ಪ್ರಿಂಟರು ಕೆಲಸಮಾಡುವಾಗ ಒಂದೇ ಶ್ರುತಿಯ ಗುಂಯ್‌ಗುಟ್ಟುವಿಕೆ ಕೇಳಿದರೆ ಅದು ಅದರ ಸಹಜ ದನಿ. ಹುರಿಗಡಲೆ ಸಿಡಿದಂತೆ ಕ್ರಮವಿಲ್ಲದ ಚಟಚಟ ಕೇಳಿದರೆ ಎಲ್ಲೋ ಕಿಡಿ ಹಾರುತ್ತಿದೆ. ಎಫ್‌ಎಂ ತರಂಗದಲ್ಲಿ ಈ ಪರೀಕ್ಷೆ ಚೆನ್ನಾಗಿ ನಡೆಯುವುದಿಲ್ಲ.

ಗೋಡೆ ಸರಿಯಿದೆ ಎಂದಾದ ಮೇಲೆ ಪ್ಲಗ್ಗು ಮತ್ತು ತಂತಿ. ಪ್ರಿಂಟರಿನ ಹಿಂಬದಿಗೆ ಸೇರಿಸುವ ತಂತಿ ಕಂಪ್ಯೂಟರಿನದೇ ಜಾತಿಯದು. ಅದನ್ನು ಕಳಚಿ, ಕಂಪ್ಯೂಟರಿನ ಒಳ್ಳೆಯ ತಂತಿಯನ್ನು ಹಾಕಿ ನೋಡುವುದು ಎರಡು ನಿಮಿಷದ ಕೆಲಸ. ಉದ್ದನೆಯ ಎಕ್ಸ್‌ಟೆನ್ಷನ್ ಬೋರ್ಡಿನ ಮೂಲಕ ಕೊಟ್ಟಿದ್ದರೆ ಅದನ್ನು ಬಿಟ್ಟು ನೇರ ಗೋಡೆಗೆ ಕೊಡಿ. ಬೆಳಗ್ಗೆ ಬಂದಾಗ ಎಲ್ಲ ದೀಪಗಳೂ ಆರಿದ್ದರೆ ಗಾಬರಿಯಾಗಬೇಡಿ. ಈಚಿನ ಎಷ್ಟೋ ಯಂತ್ರಗಳು ಕೆಲವು ಗಂಟೆ ಕೆಲಸವಿಲ್ಲದಿದ್ದರೆ ತಾವೇ ಆರಿಕೊಳ್ಳುತ್ತವೆ, ಗುಂಡಿಯನ್ನು ಒತ್ತಿದರೆ ಸಾಕು.

ಇನ್ನು ಯುಪಿಎಸ್. ಕಂಪ್ಯೂಟರಿಗೆ ಯುಪಿಎಸ್ ಇದೆಯಲ್ಲ, ಅದರಲ್ಲೇ ಒಂದು ಸಾಕೆಟ್ಟು ಖಾಲಿ ಇದೆಯಲ್ಲ ಎಂದು ಪ್ರಿಂಟರನ್ನೂ ಅಲ್ಲಿಗೇ ಚುಚ್ಚುವುದು ನಮ್ಮ ಕಡೆ ಸರ್ವೇಸಾಮಾನ್ಯ. ಇದು ತಪ್ಪು. 600 ವಿಎ ಎಂದು ಬರೆದ ಯುಪಿಎಸ್ ಸುಮಾರು 360 ವ್ಯಾಟನ್ನಷ್ಟೇ ಹೊರಬಲ್ಲದು. ಒಲೆ ಹೊತ್ತಿದ ಕ್ಷಣದಲ್ಲಿ ಅದರ ಎರಡರಷ್ಟು ಬೇಡಿಕೆ ಬೀಳುತ್ತದೆ. ಯುಪಿಎಸ್ ಕೀರಲುಗುಟ್ಟಿ ಆರುತ್ತದೆ, ಕಂಪ್ಯೂಟರೂ ಅದರೊಡನೆ ಆರುತ್ತದೆ, ತುಂಬಿಸುತ್ತಿದ್ದ ಅರ್ಜಿ ಮಾಯವಾಗುತ್ತದೆ. ಇದಲ್ಲದೆ ಅಗ್ಗದ ಯುಪಿಎಸ್ ಮತ್ತು ಇನ್ವರ್ಟರುಗಳು ಬ್ಯಾಟರಿಯಿಂದ ಕೊಡುವ ಅಲೆ ನುಣುಪಾಗಿರದೆ ಮೆಟ್ಟಿಲುಮೆಟ್ಟಿಲಾಗಿರುತ್ತದೆ. ಒಲೆಯನ್ನು ಹದದಲ್ಲಿಡುವ ಭಾಗವು ಅಲೆ ಸೊನ್ನೆಯನ್ನು ದಾಟುವ ಕ್ಷಣವನ್ನು ಲೆಕ್ಕ ಹಿಡಿದು ಕೆಲಸ ಮಾಡತಕ್ಕದ್ದು. ಲೆಕ್ಕ ತಪ್ಪಿದರೆ ಅದು ದೋಷದೀಪ ಹಚ್ಚುತ್ತದೆ. ಹದ ತಪ್ಪಿದ ಜನರೇಟರಿನಲ್ಲೂ ಇದೇ ಪಾಡು. ಕಂಪ್ಯೂಟರು ಯುಪಿಎಸ್ಸಿನಲ್ಲಿರಲಿ, ಪ್ರಿಂಟರು ಗೋಡೆಯಲ್ಲಿರಲಿ. ವೋಲ್ಟೇಜು ನಿತ್ಯವೂ ಏರಿಳಿಯುವ ಊರಾದರೆ ಪ್ರಿಂಟರಿಗೆಂದೇ ಒಂದೂವರೆ ಕೆವಿಎ ಅಥವಾ ಅದಕ್ಕಿಂತ ಮೇಲಿನ ಸ್ಟೆಬಿಲೈಸರ್ ಇಡಬಹುದು.

ಏಪ್ರಿಲ್ ಮೇ ತಿಂಗಳ ಬಿರುಗಾಳಿ ಮಳೆಯಲ್ಲಿ ಬರುವ ಅಪಾಯವೇ ಬೇರೆ. ಆಗ ಕಂಬದ ಮೇಲೆ ನ್ಯೂಟ್ರಲ್ ತಂತಿ ಕಡಿದುಬೀಳುವುದುಂಟು. ಮನೆಗಳಿಗೆ ಬರುವ 230 ವೋಲ್ಟು ಎಂಬುದು ಒಂದು ಫೇಸಿಗೂ ನ್ಯೂಟ್ರಲ್ಲಿಗೂ ನಡುವಿನ ಅಂತರ. ಎರಡು ಫೇಸುಗಳ ನಡುವೆ ಇರುವುದು ಸುಮಾರು 400 ವೋಲ್ಟು. ನ್ಯೂಟ್ರಲ್ ಕಡಿದರೆ ಓಣಿಯ ಮನೆಗಳು ಎರಡು ಫೇಸುಗಳ ನಡುವೆ ಸಿಕ್ಕಿಬಿದ್ದಂತಾಗಿ, ಒಂದು ಮನೆಯಲ್ಲಿ ದೀಪ ಮಿಣುಕುಗುಟ್ಟಿದರೆ ಪಕ್ಕದ ಮನೆಯಲ್ಲಿ ಕಣ್ಣುಕುಕ್ಕುವಂತೆ ಉರಿಯುತ್ತದೆ. ಅಂಥ ಹೊತ್ತಿನಲ್ಲಿ ಮೇನ್ ಸ್ವಿಚ್ಚನ್ನು ಕೂಡಲೇ ಇಳಿಸಿ, 1912ಕ್ಕೆ ಫೋನುಮಾಡಿ ಜೆಸ್ಕಾಂನವರಿಗೆ ತಿಳಿಸಬೇಕು. ಇದನ್ನೆಣಿಸಿಯೇ ಪ್ರಿಂಟರಿನ ಬಾಗಿಲಲ್ಲಿ ಒಬ್ಬ ಕಾವಲುಗಾರನನ್ನು ನಿಲ್ಲಿಸಿರುತ್ತಾರೆ. ನಾಣ್ಯದಂಥ ಒಂದು ಬಿಲ್ಲೆ, ಹೆಸರು ವೇರಿಸ್ಟರ್. ವೋಲ್ಟೇಜು ಮಿತಿಮೀರಿದೊಡನೆ ಅದು ತಾನೇ ಪ್ರವಾಹವನ್ನೆಲ್ಲ ಎಳೆದುಕೊಂಡು, ತಾನು ಸುಟ್ಟು, ಪಕ್ಕದ ಫ್ಯೂಜನ್ನೂ ಸುಡಿಸಿ, ಒಳಗಿನ ಉಳಿದ ಭಾಗಗಳನ್ನು ಉಳಿಸಲು ನೋಡುತ್ತದೆ. ಬಿರುಗಾಳಿಯ ಮರುದಿನ ನಿಮ್ಮ ಪ್ರಿಂಟರು ಒಂದು ದೀಪವನ್ನೂ ತೋರದೆ ಮಲಗಿದ್ದರೆ, ಅದು ಸತ್ತಿತೆಂದು ತೂಕಕ್ಕೆ ಹಾಕಬೇಡಿ. ಒಳ್ಳೆಯ ರಿಪೇರಿಯವನು ವೇರಿಸ್ಟರು, ಫ್ಯೂಜು ಎರಡನ್ನೂ ಬದಲಿಸಿದರೆ ಅದು ಮತ್ತೆ ಏಳುವ ಸಂಭವ ಸಾಕಷ್ಟಿದೆ.

ಆದರೆ ಇಲ್ಲೊಂದು ಎಚ್ಚರ. ಸುಟ್ಟ ಫ್ಯೂಜಿನ ಜಾಗದಲ್ಲಿ ಬೆಸುಗೆ ಹಾಕಿ ತಾಮ್ರದ ತಂತಿಯ ತುಂಡನ್ನು ಕೂರಿಸುವ ಚಾಳಿ ನಮ್ಮಲ್ಲಿದೆ. ಯಂತ್ರ ಎದ್ದು ನಿಲ್ಲುತ್ತದೆ, ನಿಜ. ಮುಂದಿನ ಸಲ ವೋಲ್ಟೇಜು ಏರಿದಾಗ ಉರಿಯುವುದು ಫ್ಯೂಜಲ್ಲ, ಫಲಕ. ಫಲಕದಿಂದ ಪ್ಲಾಸ್ಟಿಕ್ ಹೊದಿಕೆ, ಅದರಿಂದ ಮೇಜಿನ ಕಾಗದದ ರಾಶಿ. ಫ್ಯೂಸರಿನೊಳಗೆ ಶಾಖ ಮಿತಿಮೀರಿದರೆ ಸಂಪರ್ಕ ಕಡಿಯುವ ಒಂದು ರಕ್ಷಕ ಭಾಗವಿದೆ. ಅದನ್ನೂ ತಂತಿಯಿಂದ ‘ಡೈರೆಕ್ಟ್’ ಮಾಡುವವರಿದ್ದಾರೆ. ಅಂಥವರ ಕೈಗೆ ಯಂತ್ರ ಕೊಡುವುದಕ್ಕಿಂತ ಒಂದು ವಾರ ಕಾಯುವುದು ಮೇಲು. ರಿಪೇರಿಯಾಗಿ ಬಂದಾಗ “ಫ್ಯೂಜು ಎಷ್ಟು ಆಂಪಿಯರಿನದು ಹಾಕಿದಿರಿ?” ಎಂದು ಕೇಳಿರಿ. ನೆಟ್ಟಗೆ ಉತ್ತರ ಬಾರದಿದ್ದರೆ ಸಂಶಯಪಡುವುದಕ್ಕೆ ಎಡೆಯುಂಟು.

ನೀವಾಗಿಯೇ ಹೊದಿಕೆ ಬಿಚ್ಚಿ ಒಳಗೆ ಕೈಹಾಕಲೇ ಕೂಡದು. ಪ್ಲಗ್ಗು ತೆಗೆದ ಮೇಲೂ ಆ ದಪ್ಪ ಕಂಡೆನ್ಸರಿನಲ್ಲಿ 325 ವೋಲ್ಟಿನ ವಿದ್ಯುತ್ತು ಕೆಲಕಾಲ ಅಡಗಿ ಕುಳಿತಿರಬಹುದು. ಲೇಸರ್ ಕಿರಣವೋ ಕಣ್ಣಿಗೆ ಕಾಣಿಸುವುದಿಲ್ಲ, ಕಣ್ಣಿಗೆ ಅಪಾಯ ಮಾತ್ರ ಮಾಡುತ್ತದೆ. ಆದರೆ ಮುಚ್ಚಿದ ಪೆಟ್ಟಿಗೆಯೇ ಕೊಡುವ ಲಕ್ಷಣಗಳನ್ನು ಓದಿ ರಿಪೇರಿಯವನಿಗೆ ಹೇಳಬಲ್ಲಿರಾದರೆ, ಅವನ ಅರ್ಧ ಕೆಲಸ ಮುಗಿದಂತೆ, ನಿಮ್ಮ ಹಣವೂ ಉಳಿದಂತೆ. ದೀಪವೇ ಇಲ್ಲವೆಂದರೆ ಫ್ಯೂಜು ಅಥವಾ ವೋಲ್ಟೇಜು ಇಳಿಸುವ ಫಲಕ. ಒಳಗಿಂದ ಗಡಿಯಾರದಂತೆ ಟಿಕ್ ಟಿಕ್ ಎಂದು ಸದ್ದು ಬರುತ್ತಿದ್ದರೆ, ಆ ಫಲಕ ಏಳಲು ಯತ್ನಿಸಿ ಏಳಲಾರದೆ ಮತ್ತೆಮತ್ತೆ ಬೀಳುತ್ತಿದೆ ಎಂದರ್ಥ. ಊದಿದ ಕಂಡೆನ್ಸರೋ, ಮುಂದೆಲ್ಲೋ ಆಗಿರುವ ಶಾರ್ಟೋ ಕಾರಣವಿರಬಹುದು. ದೀಪವಿದ್ದು ಮೋಟಾರು ತಿರುಗದಿದ್ದರೆ ಮೊದಲು ಮುಂಬಾಗಿಲನ್ನು ಗಟ್ಟಿಯಾಗಿ ಮುಚ್ಚಿ ನೋಡಿ. ಬಾಗಿಲು ತೆರೆದಿದ್ದಾಗ ಮೋಟಾರಿಗೆ ಪ್ರವಾಹ ಹೋಗದಂತೆ ಅಲ್ಲೊಂದು ಸ್ವಿಚ್ಚು ಇದೆ, ಅದನ್ನು ಒತ್ತುವ ಚಿಕ್ಕ ಕೊಕ್ಕೆ ಮುರಿದಿರುವುದೂ ಉಂಟು. ಅಕ್ಷರ ಬಂದು ಬೆರಳಿಗೆ ಹತ್ತಿಕೊಂಡರೆ ಒಲೆ ಸಾಕಷ್ಟು ಕಾಯುತ್ತಿಲ್ಲ. ಹಾಳೆ ಪೂರ್ತಿ ಕಪ್ಪಾಗಿ ಬಂದರೆ ಉರುಳೆಗೆ ವಿದ್ಯುತ್ತು ಹೂಡುವ ಹೆಚ್ಚಿನ ವೋಲ್ಟಿನ ಭಾಗವನ್ನೋ, ಕಾರ್ಟ್ರಿಜ್ಜಿನ ಸಂಪರ್ಕವನ್ನೋ ಶಂಕಿಸಬೇಕು.

ಕರೆಂಟು ಹೋದಾಗ ಫ್ರಿಜ್ಜಿಗೆ ಮಾಡುವ ಉಪಚಾರವನ್ನೇ ಪ್ರಿಂಟರಿಗೂ ಮಾಡಿ. ಸ್ವಿಚ್ಚು ಆರಿಸಿಡಿ, ಬಂದ ಐದು ನಿಮಿಷದ ಮೇಲೆ ಹಾಕಿ. ಲೈನು ಮರಳಿ ಬರುವಾಗ ಒಂದೆರಡು ಸಲ ಬಂದುಹೋಗಿ ಆಮೇಲೆ ನಿಲ್ಲುವುದು ನಿಮಗೆ ಗೊತ್ತೇ ಇದೆ, ಆ ಹೊಡೆತಗಳೇ ಕೇಡು. ಅಚ್ಚಾಗುತ್ತಿರುವಾಗಲೇ ಕರೆಂಟು ಹೋಗಿ ಹಾಳೆ ಸಿಕ್ಕಿಕೊಂಡರೆ ಅರ್ಧ ಗಂಟೆ ಆರಲು ಬಿಟ್ಟು, ಎರಡು ಕೈಯಿಂದ ಸಮನಾಗಿ ಎಳೆಯಿರಿ.

ಶಾಖವೂ ಒಂದು ಶತ್ರು. ಈ ಫಲಕಗಳ ಕಂಡೆನ್ಸರುಗಳ ಆಯುಸ್ಸು ಪ್ರತಿ 10 ಡಿಗ್ರಿ ಶಾಖ ಏರಿದಂತೆ ಅರ್ಧಕ್ಕೆ ಇಳಿಯುತ್ತದೆಂಬುದು ತಜ್ಞರು ಬಳಸುವ ಸ್ಥೂಲ ಲೆಕ್ಕ. ಬೇಸಗೆಯಲ್ಲಿ 40 ಡಿಗ್ರಿ ದಾಟುವ ನಮ್ಮಲ್ಲಿ, ತಗಡಿನ ಮಾಡಿನ ಕೆಳಗೆ, ಗೋಡೆಗೆ ಒತ್ತಿ ಇಟ್ಟ ಯಂತ್ರ ಎಷ್ಟು ದಿನ ಬಾಳೀತು? ಹಿಂಬದಿಯಲ್ಲಿ ಒಂದು ಗೇಣು ಜಾಗ ಬಿಡಿ. ಆ ಬೆಚ್ಚನೆಯ ಮೂಲೆಗೆ ಹಲ್ಲಿಗಳು ಸಂಸಾರ ಸಮೇತ ಬರುತ್ತವೆ. ಎರಡು ಬೆಸುಗೆಗಳಿಗೆ ಒಮ್ಮೆಗೇ ಮೈ ತಾಗಿಸಿದ ಒಂದು ಹಲ್ಲಿ ತಾನೂ ಸತ್ತು ಫಲಕವನ್ನೂ ಕೊಲ್ಲುತ್ತದೆ. ರಾತ್ರಿ ಗೋಡೆಯ ಸ್ವಿಚ್ಚನ್ನೇ ಆರಿಸಿ, ಬಟ್ಟೆಯ ಹೊದಿಕೆ ಹಾಕಿದರೆ ಹಲ್ಲಿಯೂ ಗಂಗಾವತಿಯ ಹೊಟ್ಟಿನ ಧೂಳೂ ಎರಡೂ ದೂರ. ಹೊದಿಕೆಯನ್ನು ಮಾತ್ರ ಯಂತ್ರ ತಣಿದ ಮೇಲೆ ಹಾಕಿರಿ.

ಕಡೆಗೆ ಅರ್ಥಿಂಗ್ ವಿಷಯ. ಪ್ರಿಂಟರಿನ ಅಥವಾ ಕಂಪ್ಯೂಟರಿನ ಲೋಹದ ಭಾಗ ಮುಟ್ಟಿದಾಗ ಕೈ ಜುಮ್ಮೆನ್ನುತ್ತದೆಯೆ? ಯಂತ್ರದ ಬಾಗಿಲಲ್ಲಿರುವ ಶೋಧಕ ಕಂಡೆನ್ಸರುಗಳು ತಮ್ಮ ಸೋರಿಕೆಯನ್ನು ಭೂಮಿಗೆ ಕಳಿಸತಕ್ಕವು. ಭೂಮಿಯ ದಾರಿ ಕಡಿದಿದ್ದರೆ ಲೋಹದ ಮೈಮೇಲೆ ಸುಮಾರು 115 ವೋಲ್ಟು, ಎಂದರೆ ಅರ್ಧ ಲೈನು, ನಿಂತುಬಿಡುತ್ತದೆ. ಪ್ರವಾಹ ಅತ್ಯಲ್ಪವಾದ್ದರಿಂದ ಅದು ಚಿವುಟುತ್ತದೆ ಅಷ್ಟೆ, ಆದರೆ ಪ್ರಿಂಟರನ್ನು ಕಂಪ್ಯೂಟರಿಗೆ ಸೇರಿಸುವ ಯುಎಸ್‌ಬಿ ದ್ವಾರಗಳನ್ನು ಸುಡಲು ಅಷ್ಟೇ ಸಾಕು. ಚುರುಕು ಜೋರಾಗಿದ್ದರೆ ಅದು ಸೋರಿಕೆಯಲ್ಲ, ನಿಜವಾದ ಶಾಕ್ ಎಂದೇ ತಿಳಿದು ಪ್ಲಗ್ಗು ತೆಗೆಯಬೇಕು. ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ನನ್ನು ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ಹಾಕುವುದು, ಅರ್ಥಿಂಗಿಗೆ ಬದಲು ನ್ಯೂಟ್ರಲ್ಲಿಗೆ ಗಂಟುಹಾಕುವುದು, ಎರಡೂ ಪ್ರಾಣಕ್ಕೆ ಎರವಾಗುವ ಕೆಲಸಗಳು. ಸಾಕೆಟ್ಟಿನಲ್ಲಿ ಮೂರು ರಂಧ್ರವಿದ್ದ ಮಾತ್ರಕ್ಕೆ ಅರ್ಥಿಂಗ್ ಇದೆಯೆಂದಲ್ಲ, ಇಲೆಕ್ಟ್ರಿಷಿಯನ್ ಮೀಟರು ಹಿಡಿದು ಹೇಳಬೇಕು. ಇದ್ದರೂ ಕುಷ್ಟಗಿ, ಯಲಬುರ್ಗಾಗಳ ನೆಲ ಬೇಸಗೆಯಲ್ಲಿ ಒಣಗಿ ಬಿರಿದಾಗ ಅರ್ಥಿಂಗ್ ಗುಂಡಿಯ ಹಿಡಿತ ಸಡಿಲುತ್ತದೆ. ಫೆಬ್ರವರಿ ಮುಗಿದ ಮೇಲೆ ಮಳೆ ಬೀಳುವವರೆಗೆ ವಾರಕ್ಕೊಮ್ಮೆ ಆ ಗುಂಡಿಗೆ ಎರಡು ಕೊಡ ನೀರು ಸುರಿಯುವಂತೆ ಕಛೇರಿಯಲ್ಲಾಗಲಿ ಮನೆಯಲ್ಲಾಗಲಿ ಒಬ್ಬರಿಗೆ ಹೇಳಿಡಿ.